ಒಬ್ಬರೇ ಸ್ಕೂಬಾಗೆ ಹೊರಟವರು ಹ್ಯಾವ್‌ಲಾಕ್‌ನಲ್ಲಿ ಎಲ್ಲಿ ಉಳಿಯಬೇಕು?

ಮೊದಲ ಸಲ ಸ್ಕೂಬಾ ಡೈವಿಂಗ್‌ಗೆ ಅಂತ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋದಾಗ ಫೋಟೊ ನೋಡಿ ಕೋಣೆ ಬುಕ್ ಮಾಡಿದ್ದೆ. ಅಡಿಕೆ ತೋಟದ ನಡುವೆ ಬಿದಿರಿನ ಮನೆ, ಜಗಲಿಯಲ್ಲಿ ಜೋಲಿ, ಸುತ್ತ ಹಸಿರು. ನೋಡಿದರೆ ನಮ್ಮ ಶಿರಸಿ ಕಡೆಯ ಊರಿನ ಹಾಗೇ ಇತ್ತು. ಬಾಡಿಗೆಯೂ ಕಡಿಮೆ. ಡೈವ್ ಸೆಂಟರ್‌ನವರು ಬೆಳಿಗ್ಗೆ ಆರಕ್ಕೆ ಬನ್ನಿ ಅಂದಿದ್ದರು. ಐದೂವರೆಗೆ ಆಟೊ ಬರುತ್ತದೆ ಎಂದು ಮನೆ ನೋಡಿಕೊಳ್ಳುವ ಹುಡುಗ ರಾತ್ರಿಯೇ ಹೇಳಿದ್ದ. ಬೆಳಿಗ್ಗೆ ರಸ್ತೆಯಲ್ಲಿ ಇದ್ದದ್ದು ನಾನು ಮತ್ತು ಒಂದು ನಾಯಿ. ಆಟೊ ಬರಲಿಲ್ಲ, ಹುಡುಗನ ಫೋನ್ ಆಫ್. ಬ್ಯಾಗ್ ಹೊತ್ತು ಮೂರು ಕಿಲೋಮೀಟರ್ ನಡೆದೆ. ತಲುಪುವಷ್ಟರಲ್ಲಿ ದೋಣಿ ಹೊರಟು ಹೋಗಿತ್ತು. ಅದು ನೀರಿನ ಮೇಲೆ ಚಿಕ್ಕದಾಗುತ್ತಾ ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಆ ದಿನದ ಎರಡು ಡೈವ್‌ಗೆ ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರಲಿಲ್ಲ.

ಆಮೇಲೆ ಇನ್ನೂ ಎರಡು ಸಲ ಹೋಗಿ ಬಂದೆ. ಎರಡೂ ಸಲ ಒಬ್ಬಳೇ. ಪ್ರತಿ ಸಲ ಬೇರೆ ಬೇರೆ ಥರದ ಕಡೆ ಉಳಿದೆ. ಈಗ ಯಾರಾದರೂ ಎಲ್ಲಿ ಉಳಿಯಲಿ ಅಂತ ಕೇಳಿದರೆ ಕೋಣೆಯ ಬಗ್ಗೆ ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಆರಕ್ಕೆ ದೋಣಿಯ ಹತ್ತಿರ ಹೇಗೆ ತಲುಪುತ್ತೀರಿ? ಸಂಜೆ ಆರರ ನಂತರ ನಿಮ್ಮನ್ನು ನೋಡುವವರು ಯಾರಿದ್ದಾರೆ?

ಎರಡನೇ ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಒಬ್ಬರೇ ಡೈವಿಂಗ್‌ಗೆ ಹೋಗುವುದು ಅಂದರೆ ನೀರಿಗೆ ಒಬ್ಬರೇ ಇಳಿಯುವುದು ಅಂತ ಅಲ್ಲ. ನೀರಿನಲ್ಲಿ ನಿಮಗೊಬ್ಬ ‘ಬಡ್ಡಿ’ (buddy), ಅಂದರೆ ಜೊತೆಗಾರ, ಇದ್ದೇ ಇರುತ್ತಾರೆ. ನೀವು ಯಾರನ್ನೂ ಕರೆದುಕೊಂಡು ಬಂದಿರದಿದ್ದರೆ ಸೆಂಟರ್‌ನವರೇ ಜೋಡಿ ಮಾಡುತ್ತಾರೆ. ಮುಂದೆ ಗುಂಪನ್ನು ಕರೆದೊಯ್ಯುವ ಡೈವ್‌ಮಾಸ್ಟರ್ ಇರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಗಾಳಿ ಎಷ್ಟಿದೆ ಎಂದು ಕೈಸನ್ನೆಯಲ್ಲಿ ಕೇಳುತ್ತಾರೆ. ಸಮುದ್ರದ ತಳದಲ್ಲಿ ನಿಮ್ಮನ್ನು ವಿಚಾರಿಸಿಕೊಳ್ಳುವಷ್ಟು ಊರಿನಲ್ಲೂ ಯಾರೂ ವಿಚಾರಿಸಿಕೊಳ್ಳುವುದಿಲ್ಲ. ಒಂಟಿಯಾಗುವುದು ದಡಕ್ಕೆ ಬಂದ ಮೇಲೆ, ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ.

ಕೆಳಗಿನದ್ದೆಲ್ಲ ಮೂರು-ನಾಲ್ಕು ದಿನವಾದರೂ ಡೈವ್ ಮಾಡುವವರಿಗೆ. ಕೋರ್ಸ್ ಮಾಡುವವರಿಗೆ, ಅಥವಾ ಆಗಲೇ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇದ್ದು ಬರೀ ಖುಷಿಗೆ, ಅಂದರೆ ಫನ್ ಡೈವ್‌ಗೆ ಹೋಗುವವರಿಗೆ. ಒಂದೇ ಒಂದು ಸಲ ಇಳಿದು ಮೀನು ನೋಡಿ ಫೋಟೊ ತೆಗೆಸಿಕೊಂಡು ಬರುವುದಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎಲ್ಲಿ ಉಳಿದರೂ ನಡೆಯುತ್ತದೆ.

ಮೊದಲು ಬೀಚ್ ನಂಬರ್ ಗೊತ್ತಿರಲಿ

ಹ್ಯಾವ್‌ಲಾಕ್‌ನ ಅಧಿಕೃತ ಹೆಸರು 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಟಿಕೆಟ್ ಹುಡುಕುವಾಗ ಹಳೆಯದು ಹೊಸದು ಎರಡೂ ನೆನಪಿರಲಿ. ಡೈವ್ ಮಾಡುವವರ ಬಾಯಲ್ಲಿ ಮಾತ್ರ ಇನ್ನೂ ಹ್ಯಾವ್‌ಲಾಕೇ.

ಅಲ್ಲಿ ವಿಳಾಸ ಅಂದರೆ ಬೀಚ್ ನಂಬರ್. ಜೆಟ್ಟಿ ಇರುವುದು ಒಂದನೇ ನಂಬರ್‌ನಲ್ಲಿ. ಪೇಟೆ ಇರುವ ಗೋವಿಂದ ನಗರ ಮೂರನೇ ನಂಬರ್. ವಿಜಯ ನಗರ ಐದನೇ ನಂಬರ್. ಇವೆಲ್ಲ ದ್ವೀಪದ ಪೂರ್ವದ ದಂಡೆಯಲ್ಲಿವೆ. ಡೈವ್ ಸೆಂಟರ್‌ಗಳು ಬಹುಪಾಲು ಇದೇ ಸಾಲಿನಲ್ಲಿ ಸಿಗುತ್ತವೆ. ಏಳನೇ ನಂಬರ್ ಅಂದರೆ ರಾಧಾನಗರ. ಅದು ಪಶ್ಚಿಮಕ್ಕೆ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಗೋವಿಂದ, ಕೃಷ್ಣ, ರಾಧಾ, ಶ್ಯಾಮ ಅಂತ ಊರಿನ ಹೆಸರುಗಳು ಬಂದದ್ದು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆ ನಿಂತ ಕುಟುಂಬಗಳಿಂದ. ಹಾಗಾಗಿ ಊರಿನ ಭಾಷೆ ಬಂಗಾಳಿ. ಹಿಂದಿಯೂ ಎಲ್ಲ ಕಡೆ ನಡೆಯುತ್ತದೆ.

ಇನ್ನೊಂದು ವಿಷಯ, ಗಡಿಯಾರ. ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಆದರೆ ಗಂಟೆ ನಮ್ಮದೇ. ಡೈವಿಂಗ್ ಸೀಸನ್ನಿನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿ, ಆರಕ್ಕೆ ಕತ್ತಲು. ಬೆಳಕು ಬೇಗ ಹರಿಯುವುದರಿಂದ ದೋಣಿಗಳೂ ಬೇಗ ಹೊರಡುತ್ತವೆ. ಆರು, ಆರೂವರೆ ಅಂದರೆ ಅಲ್ಲಿ ಮಾಮೂಲಿ. ಬೆಂಗಳೂರಿನ ಲೆಕ್ಕದಲ್ಲಿ ಒಂಬತ್ತಕ್ಕೆ ಎದ್ದು ತಿಂಡಿ ತಿಂದು ಹೋಗೋಣ ಅಂದುಕೊಂಡಿದ್ದರೆ ಅದು ಆಗದ ಮಾತು. ದ್ವೀಪದ ಒಳರಸ್ತೆಗಳಲ್ಲಿ ಸಂಜೆ ಏಳಕ್ಕೆಲ್ಲ ಗಾಢ ಕತ್ತಲೆ. ನಾನು ಕೇಳುವ ಎರಡು ಪ್ರಶ್ನೆಗಳೂ ಹುಟ್ಟಿದ್ದು ಈ ಗಡಿಯಾರದಿಂದಲೇ.

ಡೈವ್ ಸೆಂಟರ್ ಇರುವ ರೆಸಾರ್ಟ್

ಕೋಣೆ, ಡೈವ್ ಸೆಂಟರ್, ಊಟ ಎಲ್ಲ ಒಂದೇ ಕಾಂಪೌಂಡಿನಲ್ಲಿ. ಮೂರನೇ ಮತ್ತು ಐದನೇ ನಂಬರ್ ಬೀಚಿನ ಕಡೆ ಇಂಥವು ಇವೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು, ಮುಖ ತೊಳೆದು, ಚಪ್ಪಲಿ ಮೆಟ್ಟಿಕೊಂಡು ನೂರು ಹೆಜ್ಜೆ ನಡೆದರೆ ನೀವು ದೋಣಿಯ ಹತ್ತಿರ. ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಆದರೆ ಇಂಥ ಜಾಗ ನನಗೆ ಇಷ್ಟವಾದದ್ದು ಮಧ್ಯಾಹ್ನಕ್ಕೆ. ದೋಣಿ ವಾಪಸ್ ಬಂದ ಮೇಲೆ ಎಲ್ಲರೂ ಒಂದು ಮೇಜಿನ ಸುತ್ತ ಕೂರುತ್ತಾರೆ. ಹೊಟ್ಟೆ ಹಸಿದಿರುತ್ತದೆ, ಕೂದಲು ಉಪ್ಪಾಗಿರುತ್ತದೆ. ಲಾಗ್‌ಬುಕ್ ಬರೆಯುವ ಹೊತ್ತು ಅದು. ಎಷ್ಟು ಆಳ, ಎಷ್ಟು ನಿಮಿಷ, ಟ್ಯಾಂಕಿನಲ್ಲಿ ಎಷ್ಟು ಬಾರ್ (ಒತ್ತಡದ ಅಳತೆ) ಗಾಳಿ ಉಳಿಯಿತು. ಆ ಹಳದಿ ಪಟ್ಟೆಯ ಮೀನಿನ ಹೆಸರೇನು ಎಂದು ಪುಸ್ತಕ ತಿರುವಿ ಹಾಕುವುದು. ನಾನು ಪರಿಚಯವೇ ಇಲ್ಲದವರ ಜೊತೆ ಹೀಗೆ ಎರಡು ಗಂಟೆ ಕೂತು ಮಾತಾಡಿದ್ದೇನೆ. ಮದುವೆ ಮನೆಯಲ್ಲೂ ಅಷ್ಟು ಹೊತ್ತು ಮಾತಾಡುವವಳಲ್ಲ ನಾನು. ಒಬ್ಬರೇ ಬಂದವರಿಗೆ ಈ ಮೇಜು ದೊಡ್ಡ ಆಸರೆ. ಸಂಜೆ ನೀವು ಊಟಕ್ಕೆ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಅದೂ ಮುಖ್ಯ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮಾಡುವವರಿಗಂತೂ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ಮೂರು-ನಾಲ್ಕು ದಿನದ ಕೋರ್ಸ್ ಅದು. ಹಗಲು ನೀರು, ಸಂಜೆ ಓದು, ಕೊನೆಗೆ ಪರೀಕ್ಷೆ. ಮಾಸ್ಕ್ ತೆಗೆದು ಹಾಕುವ ಅಭ್ಯಾಸ ಸರಿ ಬರದೆ ಅಳು ಬಂದ ದಿನ, ಕೋಣೆ ಹತ್ತಿರ ಇದ್ದರೆ ಸಾಕು ಅನ್ನಿಸುತ್ತದೆ.

ತೊಂದರೆ ಏನು? ದುಡ್ಡು ಜಾಸ್ತಿ. ಇನ್ನೊಂದು, ನೀವು ಒಂದೇ ಸೆಂಟರ್‌ಗೆ ಕಟ್ಟುಬೀಳುತ್ತೀರಿ. ಕೋಣೆ ಚೆನ್ನಾಗಿದ್ದು ಡೈವ್ ಗುಂಪು ತೀರಾ ದೊಡ್ಡದಿದ್ದರೆ ಪಕ್ಕದ ಸೆಂಟರ್‌ಗೆ ಹೋಗಲು ಮುಜುಗರ. ಹಾಗಾಗಿ ಇಲ್ಲಿ ಉಳಿಯುವುದಾದರೆ ಮೊದಲು ಸೆಂಟರ್ ನೋಡಿ, ಆಮೇಲೆ ಮಂಚ ನೋಡಿ. ಒಬ್ಬ ಡೈವ್‌ಮಾಸ್ಟರ್ ಜೊತೆ ಎಷ್ಟು ಜನ ಇಳಿಯುತ್ತಾರೆ, ದೋಣಿಯಲ್ಲಿ ಆಕ್ಸಿಜನ್ ಇರುತ್ತದಾ, ಒಬ್ಬರೇ ಬಂದವರಿಗೆ ಬಡ್ಡಿ ಯಾರು. ಈ ಮೂರು ಕೇಳಿದರೆ ಸಾಕು.

ಸಮುದ್ರಕ್ಕೆ ಮುಖ ಮಾಡಿದ ಕೋಣೆ ಬೇಕಾ ಎಂದು ಕೇಳುತ್ತಾರೆ. ಬೇಡ ಅನ್ನಿ. ಐದನೇ ನಂಬರ್ ಬೀಚಿನಲ್ಲಿ ಇಳಿತದ ಹೊತ್ತಿಗೆ ನೀರು ತುಂಬಾ ದೂರ ಹಿಂದೆ ಸರಿಯುತ್ತದೆ. ಬಂಡೆ, ಸತ್ತ ಹವಳ, ಕೆಸರು ಕಾಣುತ್ತದೆ. ಈಜಲು ಆಗುವುದಿಲ್ಲ. ಆ ದಂಡೆಯಲ್ಲಿ ಕಾಣುವುದು ಸೂರ್ಯೋದಯ, ಆ ಹೊತ್ತಿಗೆ ನೀವು ಬ್ಯಾಗಿನಲ್ಲಿ ಮಾಸ್ಕ್ ಹುಡುಕುತ್ತಿರುತ್ತೀರಿ. ಮಧ್ಯಾಹ್ನ ಬಂದು ಉಂಡು ಮಲಗಿದರೆ ಎದ್ದಾಗ ಕತ್ತಲು. ಹಿಂದಿನ ಸಾಲಿನ ಕೋಣೆ ತಗೊಂಡು ಉಳಿದ ದುಡ್ಡಲ್ಲಿ ಒಂದು ಡೈವ್ ಜಾಸ್ತಿ ಮಾಡಿ.

ಪೇಟೆಯ ಗೆಸ್ಟ್‌ಹೌಸ್

ನೋಡಲು ಏನೂ ಇಲ್ಲ. ಗೋಡೆಗೆ ತಿಳಿ ನೀಲಿ ಬಣ್ಣ, ಪ್ಲಾಸ್ಟಿಕ್ ಕುರ್ಚಿ, ಬಾತ್‌ರೂಮಿನಲ್ಲಿ ಬಕೆಟ್. ಕೋಳಿ ಕೂಗುತ್ತದೆ, ಮೈಕು ಹಾಡುತ್ತದೆ. ಆದರೂ ಸರ್ಟಿಫಿಕೇಟ್ ಇದ್ದು ಅಂಡಮಾನ್ ಸ್ವಲ್ಪ ಗೊತ್ತಿರುವವರಿಗೆ ಗೋವಿಂದ ನಗರದ ಗೆಸ್ಟ್‌ಹೌಸ್‌ಗಳೇ ನನ್ನ ಪ್ರಕಾರ ಉತ್ತಮ. ಮೂರನೇ ಸಲ ನಾನು ಉಳಿದದ್ದು ಅಲ್ಲೇ.

ಮೊದಲ ಕಾರಣ, ಅನ್ನ. ಡೈವ್ ಮಾಡಿದ ದಿನ ಹಸಿವೆ ಬೇರೆಯೇ ಥರ. ಪೇಟೆಯಲ್ಲಿ ಮೀನು-ಅನ್ನದ ಊಟ, ತರಕಾರಿ ಥಾಲಿ, ಬೆಳಿಗ್ಗೆ ಪೂರಿ, ಎಲ್ಲ ನಡೆದುಹೋಗುವಷ್ಟು ಹತ್ತಿರ. ಸಸ್ಯಾಹಾರಿಗಳಿಗೆ ಇದು ಇನ್ನೂ ಅನುಕೂಲ. ರೆಸಾರ್ಟಿನಲ್ಲಿ ಮೂರು ಹೊತ್ತು ಅದೇ ಪನೀರು ತಿನ್ನುವುದು ತಪ್ಪುತ್ತದೆ. ಎರಡನೆಯದು, ಔಷಧಿ ಅಂಗಡಿ, ಎಟಿಎಂ, ಆಟೊ ಎಲ್ಲ ಪೇಟೆಯಲ್ಲೇ. ಎಟಿಎಂ ಕೆಲವು ಸಲ ಖಾಲಿ ಇರುತ್ತದೆ, ಅದಕ್ಕೇ ಪೋರ್ಟ್ ಬ್ಲೇರ್‌ನಲ್ಲೇ ನಗದು ತೆಗೆದುಕೊಂಡು ಹೊರಡಿ. ಚೆನ್ನೈನಿಂದ ಸಮುದ್ರದಡಿ ಹಾಕಿದ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್‌ನೆಟ್ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಫೋನ್ ಪೇ ನಂಬಿಕೊಂಡು ಬರಿಗೈಯಲ್ಲಿ ಹೋಗಬೇಡಿ. ಮೂರನೆಯದು ಸ್ವಾತಂತ್ರ್ಯ. ಇವತ್ತು ಈ ಸೆಂಟರ್, ನಾಳೆ ಇನ್ನೊಂದು. ಯಾರು ಡಿಕ್ಸನ್ಸ್ ಪಿನಾಕಲ್ ಅಥವಾ ಜಾನಿಸ್ ಗಾರ್ಜ್ ಕಡೆ ದೋಣಿ ಬಿಡುತ್ತಿದ್ದಾರೋ ಅವರ ಜೊತೆ ಹೋಗಬಹುದು. ಇವು ಆಳದ ಜಾಗಗಳು. ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮಾಡಿದವರಿಗೆ, ಅಂದರೆ 30 ಮೀಟರ್‌ವರೆಗೆ ಹೋಗಬಲ್ಲವರಿಗೆ ಸರಿ. ಪ್ರತಿ ದಿನ ಪ್ರತಿ ಸೆಂಟರ್ ಅಲ್ಲಿಗೆ ಹೋಗುವುದಿಲ್ಲ.

ಆದರೆ ಎರಡನೇ ಪ್ರಶ್ನೆ ಇಲ್ಲಿ ಸೋಲುತ್ತದೆ. ಮಾಲೀಕ ದುಡ್ಡು ತೆಗೆದುಕೊಂಡು ಕೀಲಿ ಕೊಟ್ಟರೆ ಮುಗಿಯಿತು. ನೀವು ಡೈವಿಂಗ್‌ಗೆ ಹೋಗಿದ್ದಿರೋ ಮೀನು ಮಾರ್ಕೆಟ್‌ಗೆ ಹೋಗಿದ್ದಿರೋ ಅವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಾನು ಮಾಡುವುದು ಇಷ್ಟು. ಡೈವ್‌ಮಾಸ್ಟರ್‌ಗೆ ಕೋಣೆ ನಂಬರ್ ಕೊಡುತ್ತೇನೆ. ಕೆಳಗಿನ ಅಂಗಡಿಯವರಿಗೆ ಡೈವ್ ಸೆಂಟರ್‌ನ ಫೋನ್ ನಂಬರ್ ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಮನೆಗೆ ಒಂದು ಮೆಸೇಜ್. ಇಷ್ಟಕ್ಕೆ ಐದು ನಿಮಿಷವೂ ಬೇಡ.

ರಾತ್ರಿಯ ವಿಷಯ

ಡೈವ್‌ನಿಂದ ಬರುವ ತೊಂದರೆಗಳಲ್ಲಿ ಜನ ಹೆದರುವುದು ಡಿಕಂಪ್ರೆಶನ್ ಕಾಯಿಲೆಗೆ. ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತಕ್ಕೆ, ಮಾಂಸಕ್ಕೆ ಸೇರುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗುತ್ತದೆ. ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ನಿಯಮ ಪಾಲಿಸಿ ಡೈವ್ ಮಾಡಿದರೆ ಇದು ಅಪರೂಪ. ಆದರೆ ಆಗುವುದೇ ಇಲ್ಲ ಅಂತಿಲ್ಲ.

ಇದರ ಲಕ್ಷಣ ದೋಣಿಯಲ್ಲೇ ಕಾಣಿಸಿಕೊಳ್ಳಬೇಕು ಅಂತಿಲ್ಲ. ಬಹುಪಾಲು ಮೊದಲ ಕೆಲವು ಗಂಟೆಗಳಲ್ಲಿ, ಹೆಚ್ಚುಕಮ್ಮಿ ಎಲ್ಲವೂ 24 ಗಂಟೆಯೊಳಗೆ ಕಾಣಿಸುತ್ತವೆ. ಅಂದರೆ ನೀವು ಕೋಣೆಯಲ್ಲಿ ಒಬ್ಬರೇ ಇರುವ ಹೊತ್ತಿಗೆ. ಭುಜದಲ್ಲಿ, ಮೊಣಕೈಯಲ್ಲಿ ನೋವು. ಕೈ ಜುಮ್ಮೆನ್ನುವುದು. ಚರ್ಮದ ಮೇಲೆ ಕಲೆ. ಅತಿಯಾದ ಸುಸ್ತು. ಒಬ್ಬರೇ ಇದ್ದಾಗ ಇದಕ್ಕೆಲ್ಲ ನಾವೇ ಕಾರಣ ಕೊಟ್ಟುಕೊಳ್ಳುತ್ತೇವೆ. ಟ್ಯಾಂಕ್ ಎತ್ತಿದ್ದೆ ಅದಕ್ಕೇ ಭುಜ ನೋವು. ಬಿಸಿಲಲ್ಲಿ ಇದ್ದೆ ಅದಕ್ಕೇ ಸುಸ್ತು. ಮಲಗಿ ಎದ್ದರೆ ಸರಿಹೋಗುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಡೈವರ್ ಇದ್ದರೆ ಮುಖ ನೋಡಿಯೇ ಕೇಳುತ್ತಾರೆ, ಆಕ್ಸಿಜನ್ ಕೊಡಿಸುತ್ತಾರೆ.

ಹ್ಯಾವ್‌ಲಾಕ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಮತ್ತೆ ಒತ್ತಡದಲ್ಲಿಟ್ಟು ಈ ಕಾಯಿಲೆಗೆ ಚಿಕಿತ್ಸೆ ಕೊಡುವ ರೀಕಂಪ್ರೆಶನ್ ಚೇಂಬರ್ ಬೇಕಾದರೆ ಪೋರ್ಟ್ ಬ್ಲೇರ್‌ಗೆ, ನೌಕಾಪಡೆಯವರ ಹತ್ತಿರ ಹೋಗಬೇಕು. ನಡುವೆ ಸಮುದ್ರ. ಖಾಸಗಿ ಹಡಗಿನಲ್ಲೇ ಒಂದೂವರೆ-ಎರಡು ಗಂಟೆ, ಅದೂ ಹಗಲಿನಲ್ಲಿ. ಹಾಗಾಗಿ ಸಂಜೆ ಏಳಕ್ಕೆ ಗೊತ್ತಾಗುವುದಕ್ಕೂ ಬೆಳಿಗ್ಗೆ ಏಳಕ್ಕೆ ಗೊತ್ತಾಗುವುದಕ್ಕೂ ತುಂಬಾ ವ್ಯತ್ಯಾಸ. ಹೆದರಿಸಲು ಹೇಳುತ್ತಿಲ್ಲ. ಕೋಣೆ ಆರಿಸುವಾಗ ವೈಫೈ ಇದೆಯಾ ಎಂದು ಕೇಳುತ್ತೇವಲ್ಲ, ಅದರ ಜೊತೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ.

ಹೋಮ್‌ಸ್ಟೇ: ಎರಡು ಜಾತಿ

ನನ್ನ ಬಿದಿರಿನ ಮನೆಯ ಕಥೆ ಕೇಳಿ ಹೋಮ್‌ಸ್ಟೇ ಬೇಡವೇ ಬೇಡ ಅಂದುಕೊಳ್ಳಬೇಡಿ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಮನೆಯವರು ಅಲ್ಲೇ ವಾಸ ಮಾಡುತ್ತಾರೆ. ಇನ್ನೊಂದರಲ್ಲಿ ಮಾಲೀಕ ಬೇರೆ ಊರಲ್ಲಿ, ಇಲ್ಲಿ ನೋಡಿಕೊಳ್ಳಲು ಒಬ್ಬ ಹುಡುಗ. ನಾನು ಸಿಕ್ಕಿಹಾಕಿಕೊಂಡದ್ದು ಎರಡನೆಯದರಲ್ಲಿ.

ಮನೆಯವರೇ ಇರುವ ಕಡೆ ಕಥೆ ಬೇರೆ. ಅದೇ ಪ್ರವಾಸದಲ್ಲಿ ಎರಡು ದಿನದ ನಂತರ ಒಂದು ಬಂಗಾಳಿ ಕುಟುಂಬದ ಮನೆಗೆ ಹೋದೆ. ಅಲ್ಲಿನ ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೆ, ನನಗೆ ಬಂಗಾಳಿ ಬರುವುದಿಲ್ಲ. ಆದರೂ ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿ ಚಹಾ ಕೊಡುತ್ತಿದ್ದರು. ಒಂದು ಸಂಜೆ ನಾನು ಊಟಕ್ಕೆ ಏಳಲಿಲ್ಲ ಅಂತ ಎರಡು ಸಲ ಬಂದು ಹಣೆ ಮುಟ್ಟಿ ನೋಡಿದರು. ಸುಮ್ನೆ ನಿದ್ದೆ ಬಂದಿತ್ತು ಅಷ್ಟೆ. ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ರೆಸಾರ್ಟೂ ಕೊಡಲಾರದು. ಬುಕ್ ಮಾಡುವ ಮೊದಲು ಒಂದೇ ಮಾತು ಕೇಳಿ, ನೀವು ಅದೇ ಮನೆಯಲ್ಲಿ ಇರುತ್ತೀರಾ ಅಂತ.

ಮೊದಲ ಪ್ರಶ್ನೆ ಮಾತ್ರ ಉಳಿಯುತ್ತದೆ. ಒಳಭಾಗದ ಮನೆಗಳಿಗೆ ಸ್ಕೂಟರ್ ಬೇಕು. ಬಾಡಿಗೆಗೆ ಸಿಗುತ್ತದೆ, ಲೈಸೆನ್ಸ್ ಒಯ್ಯಿರಿ. ಡೈವ್ ಸೆಂಟರ್‌ನವರು ಕರೆದುಕೊಂಡು ಹೋಗಲು ಬರುತ್ತಾರಾ ಎಂದೂ ಕೇಳಿ. ಕೆಲವರು ಬರುತ್ತಾರೆ, ಆದರೆ ಮುಖ್ಯ ರಸ್ತೆಯವರೆಗೆ ಮಾತ್ರ.

ಹಾಸ್ಟೆಲ್

ವಯಸ್ಸು ಇಪ್ಪತ್ತೈದರ ಒಳಗಿದ್ದರೆ ನೀವು ನನ್ನ ಮಾತು ಕೇಳುವುದಿಲ್ಲ, ಗೊತ್ತು. ಒಂದು ಮಂಚಕ್ಕೆ ಮಾತ್ರ ದುಡ್ಡು. ಒಬ್ಬರೇ ಹೋಗುವವರಿಗೆ ನ್ಯಾಯವಾದ ಬೆಲೆ ಅಂದರೆ ಇದೊಂದೇ. ಉಳಿದ ಕಡೆಯೆಲ್ಲ ಇಬ್ಬರ ಕೋಣೆಯ ಬಾಡಿಗೆ ಒಬ್ಬರೇ ತೆರಬೇಕು. ಜೊತೆಗೆ ಜನ ಸಿಗುತ್ತಾರೆ.

ಸಮಸ್ಯೆ ಏನೆಂದರೆ ಆ ಜನರಲ್ಲಿ ಹೆಚ್ಚಿನವರು ಡೈವರ್‌ಗಳಲ್ಲ. ಅವರು ರಾತ್ರಿ ಎರಡಕ್ಕೆ ಮಲಗುತ್ತಾರೆ, ನೀವು ಐದಕ್ಕೆ ಏಳಬೇಕು. ಇನ್ನೂ ದೊಡ್ಡ ಸಮಸ್ಯೆ ನೆಗಡಿ. ಎಂಟು ಜನರ ಕೋಣೆಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ಎಲ್ಲರಿಗೂ ಬರುತ್ತದೆ. ಬೇರೆ ಪ್ರವಾಸದಲ್ಲಿ ನೆಗಡಿ ಅಂದರೆ ಒಂದು ಕರ್ಚೀಫಿನ ವಿಷಯ. ಡೈವಿಂಗ್‌ನಲ್ಲಿ ಪ್ರವಾಸವೇ ಮುಗಿದ ಹಾಗೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳದೆ ಇಳಿಯಲು ಆಗುವುದಿಲ್ಲ. ನೆಗಡಿಯಾದಾಗ ಕಿವಿ ಬಿಡುವುದಿಲ್ಲ. ಮಾತ್ರೆ ನುಂಗಿ ಇಳಿದರೆ, ಅದರ ಪ್ರಭಾವ ನೀರಿನಲ್ಲೇ ಇಳಿದುಹೋಗಿ ಮೇಲೆ ಬರುವಾಗ ಕಷ್ಟವಾಗಬಹುದು. ನನ್ನ ಗೆಳತಿಯೊಬ್ಬಳು ಹೀಗೆ ಐದು ದಿನದ ಪ್ರವಾಸದಲ್ಲಿ ಮೂರು ದಿನ ದಡದಲ್ಲಿ ಕೂತಿದ್ದಳು. ಡಾರ್ಮ್‌ನಲ್ಲಿ ಉಳಿಸಿದ ದುಡ್ಡು ಕಳೆದುಕೊಂಡ ಡೈವ್‌ಗಳ ಮುಂದೆ ಏನೂ ಅಲ್ಲ.

ಕೆಲವು ಡೈವ್ ಸೆಂಟರ್‌ಗಳು ತಮ್ಮಲ್ಲಿ ಕಲಿಯುವವರಿಗೆ ಹಂಚಿಕೊಳ್ಳುವ ಕೋಣೆ ಕೊಡುತ್ತವೆ. ಜಾಹೀರಾತಿನಲ್ಲಿ ಹಾಕಿರುವುದಿಲ್ಲ, ಕೇಳಿದರೆ ಸಿಗಬಹುದು. ಅಲ್ಲಾದರೆ ಎಲ್ಲರೂ ಒಂಬತ್ತಕ್ಕೆ ಮಲಗುತ್ತಾರೆ. ಹೆಂಗಸರಿಗೆ ಪ್ರತ್ಯೇಕ ಕೋಣೆ ಇದೆಯಾ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ರಾಧಾನಗರ ಮತ್ತು ದೋಣಿಯಲ್ಲೇ ವಾಸ

ರಾಧಾನಗರ ಚೆಂದ, ಅದರಲ್ಲಿ ಎರಡು ಮಾತಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂದಿತ್ತು. ಅಲ್ಲಿನ ರೆಸಾರ್ಟ್‌ಗಳು ದುಬಾರಿ, ಮತ್ತು ಹನಿಮೂನ್ ಜೋಡಿಗಳದ್ದೇ ರಾಜ್ಯ. ಪಕ್ಕದ ಮೇಜಿನವರು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ದೋಣಿ ಹಿಡಿಯಲು ದಿನಾ ದ್ವೀಪ ದಾಟಿ ಬರಬೇಕು. ಸ್ಕೂಟರ್ ತಗೊಂಡು ಹೋಗಿ ಸೂರ್ಯಾಸ್ತ ನೋಡಿ ವಾಪಸ್ ಬನ್ನಿ. ಮರಳಿನಲ್ಲಿ ಕೂರುವುದಾದರೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಸ್ಯಾಂಡ್‌ಫ್ಲೈ ಕಚ್ಚಿದರೆ ವಾರಗಟ್ಟಲೆ ತುರಿಕೆ.

ದೋಣಿಯಲ್ಲೇ ಮಲಗಿ, ದೋಣಿಯಿಂದಲೇ ಡೈವ್ ಮಾಡುವ ಲಿವ್‌ಅಬೋರ್ಡ್ ಬೇಕಾದರೆ ಮಾಲ್ಡೀವ್ಸ್ ಕಡೆ ನೋಡಿ. ದಿನಕ್ಕೆ ಮೂರು-ನಾಲ್ಕು ಡೈವ್. ನನ್ನ ಎರಡೂ ಪ್ರಶ್ನೆಗೆ ಪೂರ್ತಿ ಅಂಕ. ಆದರೆ ಒಬ್ಬರೇ ಒಂದು ಕ್ಯಾಬಿನ್ ಕೇಳಿದರೆ ಜಾಸ್ತಿ ದುಡ್ಡು ಹಾಕುತ್ತಾರೆ. ಕೆಲವು ಕಡೆ ಹೆಚ್ಚುಕಮ್ಮಿ ಇಬ್ಬರದ್ದೇ. ಅಪರಿಚಿತರ ಜೊತೆ ಹಂಚಿಕೊಳ್ಳಲು ಒಪ್ಪಿದರೆ ಉಳಿತಾಯ, ಗೊರಕೆ ನಿಮ್ಮ ಅದೃಷ್ಟ. ಹೊಸಬರಿಗೆ ಅಲ್ಲ ಅದು.

ಹಾಗಾದರೆ ಯಾವುದು?

ಮೊದಲ ಸಲ, ಅಥವಾ ಕೋರ್ಸ್ ಮಾಡಲು ಹೋಗುತ್ತಿದ್ದರೆ ಡೈವ್ ರೆಸಾರ್ಟಿನ ಹಿಂದಿನ ಸಾಲು. ಎರಡನೇ ಸಲ, ಕೈಯಲ್ಲಿ ಸರ್ಟಿಫಿಕೇಟ್ ಇದೆ ಅಂದರೆ ಪೇಟೆ. ಸ್ಕೂಟರ್ ಓಡಿಸಲು ಬಂದರೆ, ಮನೆ ಊಟ ಬೇಕಾದರೆ, ಮನೆಯವರು ಇರುವ ಹೋಮ್‌ಸ್ಟೇ. ದುಡ್ಡು ತೀರಾ ಬಿಗಿಯಿದ್ದರೆ ಹಾಸ್ಟೆಲ್‌ಗಿಂತ ಒಂದು ದಿನ ಕಡಿಮೆ ಉಳಿಯುವುದು ಮೇಲು.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಎರಡು ಕೋಣೆಗಳ ನಡುವೆ ರಾತ್ರಿಗೆ ಸಾವಿರ ರೂಪಾಯಿ ವ್ಯತ್ಯಾಸ ಅಂದುಕೊಳ್ಳಿ. ಐದು ರಾತ್ರಿಗೆ ಐದು ಸಾವಿರ. ಅದರಲ್ಲಿ ಸ್ಕೂಟರ್ ಬಾಡಿಗೆ, ಪೆಟ್ರೋಲು, ಆಟೊ ಕಳೆಯಿರಿ. ಉಳಿದದ್ದನ್ನು ಒಂದು ಬೆಳಿಗ್ಗೆಯ ದೋಣಿ ಡೈವ್‌ನ ಬೆಲೆಯ ಪಕ್ಕ ಇಟ್ಟು ನೋಡಿ. ಒಂದು ದಿನ ದೋಣಿ ತಪ್ಪಿದರೂ ಉಳಿತಾಯ ಹೋಯಿತು. ಡೈವ್ ಮತ್ತು ಕೋಣೆ ಸೇರಿಸಿ ಪ್ಯಾಕೇಜ್ ಕೊಡುತ್ತಾರೆ. ಕಡಿಮೆಗೆ ಸಿಗುತ್ತದೆ ನಿಜ. ಆದರೆ ಸಮುದ್ರ ಕೆಟ್ಟರೆ, ಕಿವಿ ನೋವು ಬಂದರೆ ಮಾಡದ ಡೈವ್‌ಗೆ ದುಡ್ಡು ವಾಪಸ್ ಇದೆಯಾ ಎಂದು ಬರಹದಲ್ಲಿ ಕೇಳಿ.

ಕೋಣೆಯ ಒಳಗಿನ ವಿಷಯಕ್ಕೆ ಬಂದರೆ ನಾನು ಕೇಳುವುದು ಮೂರೇ. ಬಟ್ಟೆ ಒಣಗಿಸಲು ಹೊರಗೆ ಹಗ್ಗ ಇದೆಯಾ. ಕರೆಂಟ್ ಹೋದರೆ ಜನರೇಟರ್ ಇದೆಯಾ, ಅದು ನನ್ನ ಕಿಟಕಿಯ ಪಕ್ಕದಲ್ಲಿಲ್ಲ ತಾನೆ. ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆದಿರುತ್ತದಾ. ಎಸಿ ನನಗೆ ಬೇಡ. ರಾತ್ರಿಯಿಡೀ ಎಸಿಯಲ್ಲಿ ಮಲಗಿ ಎದ್ದ ದಿನ ನನ್ನ ಮೂಗು ಕಟ್ಟಿರುತ್ತದೆ, ಕಿವಿ ತಕರಾರು ಮಾಡುತ್ತದೆ. ಫ್ಯಾನು ಸಾಕು. ಐದೂವರೆಯ ಗೇಟಿನ ಪ್ರಶ್ನೆಗೆ ಬರುವ ಉತ್ತರ ನೋಡಿದರೆ ಆ ಜಾಗ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ. ಡೈವರ್‌ಗಳನ್ನು ಕಂಡವರು ಕೂಡಲೇ, ಚಹಾ ಮತ್ತು ಬ್ರೆಡ್ ಇಡುತ್ತೇವೆ ಅನ್ನುತ್ತಾರೆ. ಕಾಣದವರು, ಅಷ್ಟು ಬೇಗ ಯಾಕೆ ಎಂದು ಕೇಳುತ್ತಾರೆ.

ನೇತ್ರಾಣಿಗೂ ಒಂದು ಮಾತು

ಅಷ್ಟು ದೂರ ಯಾಕೆ, ಮುರ್ಡೇಶ್ವರಕ್ಕೆ ಹೋಗೋಣ ಅನ್ನುವವರಿಗೆ ಇದು. ಅಲ್ಲಿ ಪ್ರಶ್ನೆಯೇ ಉಲ್ಟಾ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸೋ ರಾತ್ರಿ ಬಸ್ಸೋ ಹಿಡಿದರೆ ಮೊದಲ ರಾತ್ರಿ ಕೋಣೆಯೇ ಬೇಡ. ಬೆಳಿಗ್ಗೆ ಇಳಿದು, ಡೈವ್ ಮಾಡುವ ನೇತ್ರಾಣಿ ದ್ವೀಪಕ್ಕೆ ದೋಣಿ ಹತ್ತುತ್ತಾರೆ. ಡೈವ್ ಮುಗಿಸಿ ಅದೇ ರಾತ್ರಿ ವಾಪಸ್ ಬಸ್ಸು ಹತ್ತುತ್ತಾರೆ. ಇಲ್ಲೇ ತಪ್ಪುವುದು.

ಡೈವ್ ಆದ ಮೇಲೆ ವಿಮಾನ ಹತ್ತಬಾರದು ಎಂದು ಎಲ್ಲರಿಗೂ ಗೊತ್ತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆರಡು ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಆದರೆ ಅದು ಬರೀ ವಿಮಾನದ ಮಾತಲ್ಲ, ಎತ್ತರದ ಮಾತು. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಆಗಲೂ ಅದೇ ನೈಟ್ರೋಜನ್ ಗುಳ್ಳೆಯ ಭಯ. ಸುಮಾರು 600 ಮೀಟರ್ ಎತ್ತರದಿಂದಲೇ ಎಚ್ಚರಿಕೆ ಶುರು. ನಮ್ಮ ಬೆಂಗಳೂರು 900 ಮೀಟರ್‌ಗೂ ಮೇಲಿದೆ. ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಘಟ್ಟ ಹತ್ತಿದರೆ ಎಷ್ಟು ಗಂಟೆ ಆಯಿತು? ಲೆಕ್ಕ ಹಾಕಿ ನೋಡಿ. ಹಾಗಾಗಿ ಮುರ್ಡೇಶ್ವರದಲ್ಲಿ ಕೋಣೆ ಬೇಕಾಗುವುದು ಡೈವ್‌ಗೆ ಮೊದಲಲ್ಲ, ನಂತರ. ದೇವಸ್ಥಾನದ ಸುತ್ತ ಲಾಡ್ಜುಗಳಿವೆ. ಶಿವರಾತ್ರಿ ಮತ್ತು ಉದ್ದದ ರಜೆಗಳನ್ನು ಬಿಟ್ಟರೆ ಒಂದು ಕೋಣೆಗೆ ಕಷ್ಟವಿಲ್ಲ. ಸಂಜೆ ಗೋಪುರ ಹತ್ತಿ ಸಮುದ್ರ ನೋಡಿ, ಮಲಗಿ, ಮಾರನೇ ದಿನ ಹೊರಡಿ. ಕರಾವಳಿಯವರಿಗೆ ಈ ತಾಪತ್ರಯ ಇಲ್ಲ, ಮನೆಗೇ ಹೋಗಬಹುದು.

ಅಂಡಮಾನ್‌ಗೂ ಇದೇ ಲೆಕ್ಕ. ಬಹಳ ಸೆಂಟರ್‌ಗಳು 24 ಗಂಟೆ ಬಿಡಿ ಅನ್ನುತ್ತವೆ, ನಾನೂ ಹಾಗೇ ಬಿಡುತ್ತೇನೆ. ಅದಕ್ಕೇ ಐದು ರಾತ್ರಿಯ ಪ್ರವಾಸವಾದರೆ ಹ್ಯಾವ್‌ಲಾಕ್‌ನಲ್ಲಿ ನಾಲ್ಕೇ ರಾತ್ರಿ ಬುಕ್ ಮಾಡುತ್ತೇನೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ, ಅಬರ್ಡೀನ್ ಬಜಾರಿನ ಹತ್ತಿರ. ಹವೆ ಕೆಟ್ಟು ಹಡಗು ರದ್ದಾದರೂ ವಿಮಾನ ತಪ್ಪುವುದಿಲ್ಲ. ಸಂಜೆ ಸೆಲ್ಯುಲಾರ್ ಜೈಲು ನೋಡಿ ಬರಬಹುದು. ಈ ಕೋಣೆಗೆ ಎಸಿ, ಸಮುದ್ರ, ಬಿದಿರು ಏನೂ ಬೇಡ. ಕಿಟಕಿಗೆ ಸರಳು ಇರಲಿ, ಆ ಸರಳಿಗೆ ಹಗ್ಗ ಕಟ್ಟಿ ಒದ್ದೆ ರ‍್ಯಾಶ್‌ಗಾರ್ಡ್ (ನೀರಿಗಿಳಿಯುವಾಗ ತೊಡುವ ಬಿಗಿ ಅಂಗಿ) ಹರವುತ್ತೇನೆ. ಅದು ಪೂರ್ತಿ ಒಣಗುವುದಕ್ಕೂ ಹೇಗೂ ಅಷ್ಟೇ ಹೊತ್ತು ಬೇಕು.